ಅಜ್ಜನ ಪೈಪು, ಪೇರಲ ಮರದ ತುಂಡು

ಈ ಸಲ ಹಳಿಯಾಳದಿಂದ ಬಂದ ಪತ್ರವೊಂದರಲ್ಲಿ ಎರಡು ಕೈಬರಹಗಳಿವೆ. ಮೊದಲ ಒಂದೂವರೆ ಪುಟ ಒಂಬತ್ತನೆಯ ತರಗತಿಯ ಹುಡುಗನದು. ಅಜ್ಜ ದಾಂಡೇಲಿಯಲ್ಲಿ ಮರದ ಕೆಲಸದಲ್ಲಿದ್ದವರಂತೆ. ಅವರ ಟ್ರಂಕಿನಲ್ಲಿ ಹೊಗೆ ಸೇದುವ ಹಳೆಯ ಮರದ ಪೈಪೊಂದು ಸಿಕ್ಕಿದೆ. ಅದರ ಮೈಮೇಲಿನ ಗೆರೆಗಳನ್ನು, ಕೈಯಲ್ಲಿ ಕೂರುವ ಅದರ ದುಂಡನ್ನು ನೋಡಿ ಹುಡುಗನಿಗೆ ಅಂಥದ್ದೇ ಒಂದನ್ನು ತಾನೂ ಕೆತ್ತಬೇಕೆನ್ನಿಸಿದೆ. ಹಿತ್ತಿಲಲ್ಲಿ ಮಳೆಗೆ ಬಿದ್ದ ಪೇರಲ ಮರವಿತ್ತು. ಒಂದು ತುಂಡು ಕೊಯ್ದು, ಅಪ್ಪನ ಉಳಿ ತೆಗೆದುಕೊಂಡು ನಾಲ್ಕು ದಿನ ಕೆತ್ತಿದ. ಎಂಟನೆಯ ದಿನ ತುಂಡು ನಡುವೆ ಸೀಳಿತು. ‘ಎಲ್ಲಿ ತಪ್ಪಿದೆ ಸರ್?’ ಎಂಬುದು ಅವನ ಪ್ರಶ್ನೆ.

ಕೆಳಗೆ ಬೇರೆ ಶಾಯಿಯಲ್ಲಿ ಅವನ ತಾಯಿ ನಾಲ್ಕು ಸಾಲು ಸೇರಿಸಿದ್ದಾರೆ. ‘ಇವನಿಗೆ ನೀವಾದರೂ ಬುದ್ಧಿ ಹೇಳಿ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಮಾಡುವುದಾದರೂ ಏನು, ಹೊಗೆ ಸೇದುವ ಪೈಪು. ಇವರಜ್ಜ ಕೆಮ್ಮಿ ಕೆಮ್ಮಿ ಹೋದದ್ದನ್ನು ನಾನೇ ಕಂಡಿದ್ದೇನೆ.’

ಇಬ್ಬರಿಗೂ ಉತ್ತರ ಹೇಳಬೇಕಾಗಿದೆ. ತಾಯಿಯ ಮಾತು ಮೊದಲು. ತಾಯೀ, ಹೊಗೆಸೊಪ್ಪಿನ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನದೇನೂ ಎದುರಿಲ್ಲ. ಬೀಡಿ, ಸಿಗರೇಟಿಗಿಂತ ಪೈಪು ಸಭ್ಯವೆಂಬ ಭ್ರಮೆ ಸಿನಿಮಾದಿಂದ ಬಂದದ್ದು. ತುಟಿಗೆ, ಬಾಯಿಗೆ ಕ್ಯಾನ್ಸರ್ ತರುವುದರಲ್ಲಿ ಅದೇನೂ ಹಿಂದೆ ಬಿದ್ದಿಲ್ಲ. ಆದರೆ ನಿಮ್ಮ ಮಗನ ಪತ್ರವನ್ನು ಎರಡು ಸಲ ಓದಿದೆ. ಹೊಗೆಯ ಸುದ್ದಿ ಅದರಲ್ಲಿ ಒಂದು ಕಡೆಯೂ ಇಲ್ಲ. ಅವನ ಕಣ್ಣು ಬಿದ್ದಿರುವುದು ಮರದ ಮೇಲೆ. ಹಾಗಾಗಿ ಪೈಪನ್ನೇ ಕೆತ್ತಲಿ, ಆದರೆ ಬೆಂಕಿ ಬೇಡದ ಪೈಪನ್ನು ಕೆತ್ತಲಿ. ಅದರ ವಿವರ ಕೆಳಗಿದೆ. ಓದಿದ ಮೇಲೂ ಬೇಡವೆನ್ನಿಸಿದರೆ ಉಳಿಯನ್ನು ಎತ್ತಿಡುವ ಅಧಿಕಾರ ನಿಮ್ಮದೇ.

ಇನ್ನು ತಮ್ಮಾ, ನಿನ್ನ ತುಂಡು ಏಕೆ ಸೀಳಿತು? ನೀನು ಕೆತ್ತಿದ್ದು ಮರವನ್ನಲ್ಲ, ಅರ್ಧ ಮರ ಅರ್ಧ ನೀರನ್ನು. ಆಗ ತಾನೇ ಬಿದ್ದ ಮರದ ತೂಕದಲ್ಲಿ ದೊಡ್ಡ ಪಾಲು ನೀರಿನದೇ. ಅದು ಆರುವಾಗ ಮರ ಕುಗ್ಗುತ್ತದೆ. ಎಲ್ಲ ಕಡೆಗೂ ಒಂದೇ ಸಮನಾಗಿ ಕುಗ್ಗಿದ್ದರೆ ತೊಂದರೆಯಿರಲಿಲ್ಲ, ತುಂಡು ಸ್ವಲ್ಪ ಸಣ್ಣದಾಗುತ್ತಿತ್ತು, ಅಷ್ಟೆ. ಆದರೆ ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ತಿರುಳಿನಿಂದ ಸಿಪ್ಪೆಯ ಕಡೆಗೆ ಒಂದು ಪಾಲು ಕುಗ್ಗಿದರೆ, ಬಳೆಗಳ ಸುತ್ತಿನ ಗುಂಟ ಅದರ ಸುಮಾರು ಎರಡರಷ್ಟು ಕುಗ್ಗುತ್ತದೆ. ದುಂಡು ಕೊಂಬೆಯ ನಡುವೆ ತಿರುಳು ಹಾಗೇ ಉಳಿದಿದ್ದರೆ ಈ ಎರಡು ಎಳೆತಗಳ ಜಗಳ ಎಲ್ಲಿಯಾದರೂ ಒಂದು ಕಡೆ ಬಿರುಕಾಗಿಯೇ ತೀರುತ್ತದೆ. ಒಲೆಯ ಪಕ್ಕದ ಸೌದೆ ರಾಶಿಯನ್ನು ನೋಡು. ದುಂಡು ಸೌದೆಯ ತುದಿಯಲ್ಲಿ ನಡುವಿನಿಂದ ಸಿಪ್ಪೆಗೆ ಓಡಿದ ಬಿರುಕು ಕಾಣುತ್ತದೆ. ಕೊಡಲಿಯಿಂದ ಎರಡು ಹೋಳು ಮಾಡಿದ ಸೌದೆಯಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ.

ಆದ್ದರಿಂದ ಕೊಂಬೆಯನ್ನು ಮೊದಲು ತಿರುಳಿನ ಮೂಲಕವೇ ಉದ್ದಕ್ಕೆ ಸೀಳಬೇಕು. ತಿರುಳಿನ ಭಾಗವನ್ನು ಕೆತ್ತಿ ಬಿಸಾಡಬೇಕು. ಎರಡೂ ತುದಿಗಳಿಗೆ ಕರಗಿಸಿದ ಮೇಣವನ್ನೋ ಉಳಿದ ಪೇಂಟನ್ನೋ ಬಳಿಯಬೇಕು, ಏಕೆಂದರೆ ನೀರು ಹೆಚ್ಚಾಗಿ ಓಡಿಹೋಗುವುದು ಆ ತುದಿಗಳಿಂದಲೇ. ಆಮೇಲೆ ಬಿಸಿಲೂ ಬೀಳದ, ಮಳೆಯೂ ತಾಗದ, ಗಾಳಿಯಾಡುವ ಜಾಗದಲ್ಲಿ ಇಟ್ಟು ಮರೆತುಬಿಡಬೇಕು. ಎಷ್ಟು ದಿನ? ಲೆಕ್ಕವನ್ನು ಮರವೇ ಹೇಳುತ್ತದೆ. ವಾರಕ್ಕೊಮ್ಮೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಟ್‌ಬುಕ್ಕಿನಲ್ಲಿ ಬರೆದಿಡು. ಮೊದಮೊದಲು ತೂಕ ಭರಭರನೆ ಇಳಿಯುತ್ತದೆ, ಆಮೇಲೆ ನಿಧಾನ, ಕೊನೆಗೆ ಮೂರು ನಾಲ್ಕು ವಾರ ಒಂದೇ ಅಂಕಿ ನಿಲ್ಲುತ್ತದೆ. ಅಂದು ಮರ ಆರಿತೆಂದು ಅರ್ಥ. ಗ್ರಾಫ್ ಹಾಳೆಯ ಮೇಲೆ ಬಿಡಿಸಿದರೆ ನಿನ್ನ ಗಣಿತದ ಮೇಷ್ಟರಿಗೂ ಸಂತೋಷವಾದೀತು. ಮುಷ್ಟಿಗಾತ್ರದ ತುಂಡಿಗೂ ಕೆಲವು ತಿಂಗಳು ಬೇಕು. ಜೋಯಿಡಾದ ಕಡೆಯ ಮಳೆಗಾಲದಲ್ಲಂತೂ ಆರಿದ ಮರವೂ ಮತ್ತೆ ತೇವ ಹೀರುತ್ತದೆ. ನಮ್ಮ ಸೀಮೆಗೆ ದೀಪಾವಳಿಯ ಹೊತ್ತಿಗೆ ಸೀಳಿಟ್ಟು ಬೇಸಿಗೆ ರಜೆಯಲ್ಲಿ ಕೆತ್ತುವುದು ಸರಿಯಾದ ಕಾಲ.

ನಿನ್ನ ಅಜ್ಜನ ಪೈಪಿನ ಮರವೂ ಇದೇ ಕಾಯುವಿಕೆಯನ್ನು ದಾಟಿ ಬಂದದ್ದು. ಹೆಚ್ಚಿನ ಪೈಪುಗಳು ಬ್ರಯರ್ ಎಂಬ ಮರದವು. ಮೆಡಿಟರೇನಿಯನ್ ಸಮುದ್ರದ ಸುತ್ತಲ ಒಣ ಗುಡ್ಡಗಳಲ್ಲಿ ಬೆಳೆಯುವ ಪೊದೆ ಅದು. ಸಸ್ಯಶಾಸ್ತ್ರದ ಹೆಸರು ಎರಿಕ ಅರ್ಬೋರಿಯ. ಕೊಂಬೆ ಯಾರಿಗೂ ಬೇಡ. ಕಾಂಡವೂ ಬೇರೂ ಸೇರುವಲ್ಲಿ, ಮಣ್ಣಿನ ಮಟ್ಟದಲ್ಲಿ, ಗಡ್ಡೆಯಂಥ ಗಂಟೊಂದು ಬೆಳೆಯುತ್ತದೆ. ಕಾಡುಕಿಚ್ಚಿಗೆ ಮೇಲಿನ ಗಿಡವೆಲ್ಲ ಸುಟ್ಟರೂ ಈ ಗಂಟಿನಿಂದ ಮತ್ತೆ ಚಿಗುರುತ್ತದೆ. ಬೆಂಕಿಯನ್ನು ತಾಳುವ ಗುಣ ಅದಕ್ಕಿರುವುದರಿಂದಲೇ ಪೈಪಿಗೆ ಬಂದದ್ದು. ಗಂಟನ್ನು ಅಗೆದು, ತುಂಡುಗಳಾಗಿ ಕೊಯ್ದು, ಗಂಟೆಗಟ್ಟಲೆ ನೀರಿನಲ್ಲಿ ಕುದಿಸಿ ಒಗರು ರಸವನ್ನೆಲ್ಲ ತೆಗೆದು, ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ, ನೆರಳಲ್ಲಿ ಆರಿಸುತ್ತಾರೆ. ಫ್ರಾನ್ಸಿನ ಬೆಟ್ಟಸೀಮೆಯ ಸೇಂಟ್ ಕ್ಲೋಡ್ ಎಂಬ ಊರು 19ನೆಯ ಶತಮಾನದ ನಡುವಿನಿಂದ ಈ ಕಸುಬಿಗೇ ಹೆಸರಾಯಿತು. ಅಜ್ಜನ ಪೈಪಿನ ಬದಿಯಲ್ಲಿ ಹಕ್ಕಿಯ ಕಣ್ಣಿನಂಥ ಸಣ್ಣ ಚುಕ್ಕೆಗಳು, ಇನ್ನೊಂದು ಬದಿಯಲ್ಲಿ ಜ್ವಾಲೆಯಂತೆ ಮೇಲೇಳುವ ಗೆರೆಗಳು ಕಂಡರೆ ಅದು ಬ್ರಯರೇ. ಚುಕ್ಕೆ, ಗೆರೆ ಎರಡೂ ಒಂದೇ ಎಳೆಗಳು. ತುದಿಯಿಂದ ನೋಡಿದರೆ ಚುಕ್ಕೆ, ಬದಿಯಿಂದ ನೋಡಿದರೆ ಗೆರೆ. ಆ ಪೈಪನ್ನು ಬಾಯಿಗಿಡಬೇಡ, ಒಳಗೆ ಹಳೆಯ ಹೊಗೆಸೊಪ್ಪಿನ ಕಿಟ್ಟ ಕುಳಿತಿರುತ್ತದೆ. ಆದರೆ ಟಾರ್ಚ್ ಬಿಟ್ಟು ಒಳಗೆ ನೋಡು. ಬಟ್ಟಲಿನ ತಳದಲ್ಲಿ ಸಣ್ಣ ತೂತೊಂದು ಬಂದು ಕೂಡುತ್ತದೆ. ಮೇಲಿನಿಂದೊಂದು ಗುಳಿ, ಬದಿಯಿಂದೊಂದು ತೂತು, ಎರಡೂ ಸರಿಯಾದ ಜಾಗದಲ್ಲಿ ಕೂಡುವುದು: ಪೈಪಿನ ಕಷ್ಟವೆಲ್ಲ ಇಷ್ಟೇ. ಹೊರಗಿನ ಚೆಂದ ಆಮೇಲಿನದು.

ಮರ ಯಾವುದೆಂಬ ಮಾತಿಗೆ ಬರೋಣ. ನಮ್ಮ ಸೀಮೆಯಲ್ಲಿ ಮರವನ್ನು ನೋಡದ ಮಕ್ಕಳಿಲ್ಲ. ದಾಂಡೇಲಿಯ ಸರ್ಕಾರಿ ಡಿಪೋದಲ್ಲಿ ಸಾಗವಾನಿ ದಿಮ್ಮಿಗಳು ನಂಬರು ಬರೆಸಿಕೊಂಡು ಹರಾಜಿಗೆ ಮಲಗಿರುತ್ತವೆ. 1955ರಲ್ಲಿ ಸ್ಥಾಪನೆಯಾದ ಕಾಗದದ ಕಂಪನಿಯ ಕಾರ್ಖಾನೆಗೆ ಲಾರಿಗಟ್ಟಲೆ ಮರ ಬಂದು ತಿರುಳಾಗುತ್ತದೆ. ಹೀಗೆ ಮರ ದಿಮ್ಮಿಯಾಗಿ ಊರು ಬಿಡುತ್ತದೆ, ಇಲ್ಲವೇ ಕಾಗದವಾಗಿ. ಅದು ಒಬ್ಬರ ಕೈಯಲ್ಲಿ ಒಂದು ವಸ್ತುವಾಗುವುದನ್ನು ಮಾತ್ರ ನಾವು ಅಷ್ಟಾಗಿ ಕಾಣುವುದಿಲ್ಲ.

ಆದರೆ ಕಣ್ಣೆದುರಿನ ಮರವೆಲ್ಲ ನಮ್ಮದಲ್ಲ. ಅಣಶಿ-ದಾಂಡೇಲಿ ಕಾಡು 2007ರಲ್ಲಿ ಹುಲಿ ಮೀಸಲು ಪ್ರದೇಶವಾಗಿ, 2015ರಲ್ಲಿ ಕಾಳಿಯ ಹೆಸರು ಪಡೆದಿದೆ. ಅಲ್ಲಿ ನೆಲಕ್ಕೆ ಬಿದ್ದ ಒಣ ಟೊಂಗೆಯನ್ನೂ ಹೇಳದೆ ಕೇಳದೆ ಚೀಲಕ್ಕೆ ಹಾಕಿಕೊಳ್ಳುವಂತಿಲ್ಲ. ಸಾಗವಾನಿ, ಬೀಟೆ, ಗಂಧದ ಮಾತಂತೂ ಬೇಡವೇ ಬೇಡ. ನಿನಗೆ ಬೇಕಾದದ್ದು ಅಂಗೈ ಅಗಲದ ತುಂಡು. ಹಿತ್ತಿಲ ಪೇರಲ, ಮಾವು, ಹಲಸು ಸಾಕು. ಬಡಗಿಯ ಅಂಗಳದಲ್ಲಿ ಸೌದೆಗೆಂದು ಬಿದ್ದಿರುವ ಚೂರುಗಳಲ್ಲಿ ಕೇಳಿ ಪಡೆದರೂ ಸಾಕು. ಅವು ಆರಿಯೂ ಇರುತ್ತವೆ. ಪೇರಲ ಗಟ್ಟಿ, ಎಳೆ ಸಣ್ಣದು, ಹೊಳಪು ಚೆನ್ನಾಗಿ ಬರುತ್ತದೆ, ಆದರೆ ಹೊಸಬರ ಕೈಗೆ ಸ್ವಲ್ಪ ಹಟಮಾರಿ. ಮೊದಲ ಒಂದೆರಡನ್ನು ಶಿವನೆಯಲ್ಲೋ ಆಲೆ ಮರದಲ್ಲೋ ಮಾಡಿದರೆ ಕೈ ಪಳಗುತ್ತದೆ. ಆಲೆ ಎಂದರೆ ಚನ್ನಪಟ್ಟಣದ ಬೊಂಬೆಗಳ ಮರ. ಬೆಣ್ಣೆಯಂತೆ ಉಳಿಗೆ ಒದಗುತ್ತದೆ.

ಮುಟ್ಟಬಾರದ ಮರಗಳೂ ಇವೆ, ಇದನ್ನು ಹೆತ್ತವರೂ ಗಮನಿಸಬೇಕು. ಕಣಗಿಲೆಯ ಗಿಡವೆಲ್ಲ ವಿಷ. ಬಾಯಿಗಿಡುವ ಯಾವುದನ್ನೂ ಅದರಲ್ಲಿ ಮಾಡಕೂಡದು. ಹೊಳೆಗೇರಿನ ರಸ ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆಂದು ಕಾಡಂಚಿನ ಹಳ್ಳಿಯವರಿಗೆಲ್ಲ ಗೊತ್ತು. ಗುರುತು ಸಿಗದ ಮರವೆಂದರೆ ಬೇಡದ ಮರವೆಂದೇ ತಿಳಿಯಬೇಕು. ಮರ ಒಳ್ಳೆಯದೇ ಆದರೂ ಉಜ್ಜುವಾಗ ಏಳುವ ಪುಡಿ ಎದೆಗೆ ಒಳ್ಳೆಯದಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಕುಳಿತು ಉಜ್ಜಬೇಕು.

ಹತಾರಗಳ ದೊಡ್ಡ ಪಟ್ಟಿ ಬೇಡ. ಸಣ್ಣ ಗರಗಸ, ಅರ್ಧ ಇಂಚಿನ ಉಳಿ, ಕೊಡತಿ, ಗಟ್ಟಿ ಹಿಡಿಕೆಯ ಚಿಕ್ಕ ಚಾಕು, ಒಂದು ಅರ, ಕೈಯಿಂದ ತಿರುಗಿಸುವ ಬೈರಿಗೆ, ಮೂರು ಬಗೆಯ ಉಜ್ಜುಕಾಗದ. ಇವುಗಳಿಗಿಂತ ಮುಖ್ಯ ಸಾಣೆಕಲ್ಲು. ಮೊಂಡು ಚಾಕುವಿನಿಂದ ಗಾಯವಾಗದು ಎಂದು ತಾಯಂದಿರು ನಂಬುತ್ತಾರೆ, ವಾಸ್ತವ ತಿರುಗುಮುರುಗು. ಹರಿತವಾದದ್ದು ನಾವು ಹೇಳಿದಲ್ಲಿ ಹೋಗುತ್ತದೆ. ಮೊಂಡಾದದ್ದಕ್ಕೆ ಬಲ ಹಾಕಬೇಕು, ಬಲ ಹಾಕಿದ್ದು ಜಾರುತ್ತದೆ, ಜಾರಿದ್ದು ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು. ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಅರ್ಧಚಂದ್ರದಂಥ ಗುರುತೊಂದಿದೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಈರುಳ್ಳಿ ಹೆಚ್ಚುವ ಮೊಂಡು ಚಾಕುವಿನಿಂದ ಬುಗುರಿ ಕೆತ್ತಲು ಹೋಗಿ ಪಡೆದದ್ದು. ಬುಗುರಿ ಆಡಲಿಲ್ಲ, ಗುರುತು ಉಳಿಯಿತು.

ಮೂರು ಕಟ್ಟಳೆಗಳನ್ನು ಮಾತ್ರ ಮುರಿಯಬೇಡ. ಚಾಕುವಿನ ದಾರಿಯಲ್ಲಿ ಇನ್ನೊಂದು ಕೈ ಇರಬಾರದು. ತೊಡೆಯ ಮೇಲಿಟ್ಟುಕೊಂಡು ಕೆತ್ತಬಾರದು, ಏಕೆಂದರೆ ತೊಡೆಯ ಒಳಬದಿಯಲ್ಲಿ ದೊಡ್ಡ ರಕ್ತನಾಳ ಹರಿಯುತ್ತದೆ. ಮೊಣಕೈಗಳನ್ನು ಮೊಣಕಾಲುಗಳ ಮೇಲೂರಿ, ತುಂಡನ್ನು ಮುಂದೆ ಹಿಡಿದು ಕೆತ್ತು. ಉಳಿ, ಬೈರಿಗೆಯ ಕೆಲಸಕ್ಕೆ ತುಂಡನ್ನು ಕೈಯಲ್ಲಿ ಹಿಡಿಯಲೇಬಾರದು. ವೈಸ್‌ನಲ್ಲಿ ಸಿಕ್ಕಿಸಬೇಕು, ಇಲ್ಲವಾದರೆ ಹಲಗೆಯ ಮೇಲೆ ಎರಡು ಪಟ್ಟಿ ಹೊಡೆದು ನಡುವೆ ಬಿಗಿಯಬೇಕು. ದೊಡ್ಡವರೊಬ್ಬರು ಹತ್ತಿರವಿರಲಿ.

ಈಗ ಬೆಂಕಿಯಿಲ್ಲದ ಪೈಪು. ಇದು ಚೆಂಡು ತೇಲಿಸುವ ಪೈಪು. ಬಟ್ಟಲಿನ ಮೇಲೆ ಹಗುರ ಚೆಂಡನ್ನಿಟ್ಟು ಕೊಳವೆಯಿಂದ ಊದಿದರೆ ಚೆಂಡು ಗಾಳಿಯಲ್ಲಿ ಎದ್ದು ನಿಲ್ಲುತ್ತದೆ. ಕೆತ್ತನೆಯ ಕೆಲಸ ಮಾತ್ರ ಅಜ್ಜನ ಪೈಪಿನದೇ: ಅದೇ ತುಂಡು, ಕೂಡಬೇಕಾದ ಅವೇ ಎರಡು ತೂತುಗಳು.

ಆರಿದ ಮರದಿಂದ 8 ಸೆಂಟಿಮೀಟರ್ ಉದ್ದ, 5 ಎತ್ತರ, 4 ದಪ್ಪದ ಇಟ್ಟಿಗೆಯೊಂದನ್ನು ಮೂಲೆಮಟ್ಟಕ್ಕೆ ಸರಿಯಾಗಿ ಕೊಯ್ದುಕೋ. ಎಳೆಗಳು ಉದ್ದಕ್ಕೇ ಓಡಬೇಕು. ಅಡ್ಡ ಓಡಿದರೆ ಪೈಪಿನ ಕುತ್ತಿಗೆ ಮುಂದೊಂದು ದಿನ ಬಿಸ್ಕತ್ತಿನಂತೆ ಮುರಿಯುತ್ತದೆ. ಬದಿಯ ಮೇಲೆ ಪೈಪಿನ ಆಕಾರ ಬಿಡಿಸು. ಬಟ್ಟಲಿನ ನಡು ಒಂದು ತುದಿಯಿಂದ 2 ಸೆಂಟಿಮೀಟರ್ ದೂರದಲ್ಲಿ ಬರಲಿ. ಈಗ ಕೈ ಕೆತ್ತಲು ತುರಿಸುತ್ತದೆ, ತಡೆದುಕೋ. ಮೊದಲು ತೂತು, ಆಮೇಲೆ ರೂಪ. ಚೌಕವಾದ ತುಂಡನ್ನು ಬಿಗಿಯುವುದು ಸುಲಭ, ಅಳೆಯುವುದೂ ಸುಲಭ. ರೂಪ ಬಂದ ಮೇಲೆ ತೂತು ಕೊರೆಯಲು ಹೋದವರು ಚೆಂದದ ಪೈಪನ್ನು ಸೀಳಿಕೊಂಡು ಕೂರುತ್ತಾರೆ.

ಇನ್ನೊಂದು ತುದಿಯಲ್ಲಿ, ತಳದಿಂದ ಒಂದೂವರೆ ಸೆಂಟಿಮೀಟರ್ ಮೇಲೆ, 6 ಮಿಲಿಮೀಟರ್ ದಪ್ಪದ ಬಿಟ್ಟಿನಿಂದ 6 ಸೆಂಟಿಮೀಟರ್ ಆಳಕ್ಕೆ ಕೊರೆ. ಆಳ ತಿಳಿಯಲು ಬಿಟ್ಟಿಗೆ ಬಣ್ಣದ ಟೇಪು ಸುತ್ತು. ಬೈರಿಗೆ ಓರೆಯಾಗುತ್ತಿದೆಯೇ ಎಂದು ತಿರುಗಿಸುವವನಿಗೆ ತಿಳಿಯದು. ಮೇಲಿನಿಂದೊಬ್ಬರು, ಬದಿಯಿಂದೊಬ್ಬರು ನಿಂತು ನೋಡಬೇಕು. (ಅಮ್ಮನನ್ನು ಈ ಕೆಲಸಕ್ಕೆ ಕರೆ. ಅರ್ಧ ಜಗಳ ಅಲ್ಲಿಯೇ ಮುಗಿಯುತ್ತದೆ.) ಮೇಲಿನಿಂದ ಬಟ್ಟಲಿನ ಜಾಗದಲ್ಲಿ ಚಾಕುವಿನ ಮೊನೆಯಿಂದ ಒಂದೂವರೆ ಸೆಂಟಿಮೀಟರ್ ಆಳದ ಕುಳಿ ತೋಡು, ಬಾಯಿ ಅಗಲವಾಗಿ ತಳ ಕಿರಿದಾಗಿರಲಿ. ಅದರ ನಟ್ಟನಡುವೆ 3 ಮಿಲಿಮೀಟರ್ ಬಿಟ್ಟಿನಿಂದ ನೇರ ಕೆಳಕ್ಕೆ ಕೊರೆದರೆ ಇನ್ನೆರಡು ಸೆಂಟಿಮೀಟರಿಗೆ ಅಡ್ಡ ತೂತು ಸಿಗುತ್ತದೆ. ಸಿಕ್ಕ ಕ್ಷಣ ಕೈಗೆ ಗೊತ್ತಾಗುತ್ತದೆ, ಬಿಟ್ಟು ಬರಿದಾದ ಜಾಗಕ್ಕೆ ಇಳಿದಂತಾಗುತ್ತದೆ. ಸೈಕಲ್ ಚಕ್ರದ ಕಡ್ಡಿ ತೂರಿಸಿ ಖಚಿತಮಾಡಿಕೋ. ಸಿಗಲಿಲ್ಲವೋ, ಅಡ್ಡ ತೂತು ಎತ್ತ ಸರಿದಿದೆಯೆಂದು ಅದೇ ಕಡ್ಡಿಯಿಂದ ಅಳೆದು ಮುಂದಿನ ತುಂಡಿಗೆ ಹೋಗು. ಅದಕ್ಕೇ ಒಂದರ ಬದಲು ನಾಲ್ಕು ತುಂಡು ಆರಿಸಿಡುವುದು.

ಇಷ್ಟಾದ ಮೇಲೆ ಬೇಡದ ಮೂಲೆಗಳನ್ನು ಗರಗಸದಿಂದ ಕೊಯ್ದು, ಉಳಿಯಿಂದ ಒರಟಾಗಿ ಕೆತ್ತಿ, ಚಾಕು, ಅರಗಳಿಂದ ದುಂಡು ಮಾಡುತ್ತ ಹೋಗು. ಚಾಕು ಎಳೆಯ ಇಳಿಜಾರಿನಲ್ಲಿ ಇಳಿದರೆ ಚಕ್ಕೆ ಸುರುಳಿಯಾಗಿ ಬೀಳುತ್ತದೆ. ಏರಿನಲ್ಲಿ ಹೋದರೆ ಸಿಗಿದು ಏಳುತ್ತದೆ. ಸಿಗಿದರೆ ಬಲ ಹಾಕಬೇಡ, ತುಂಡನ್ನು ತಿರುಗಿಸಿ ಎದುರು ಕಡೆಯಿಂದ ಬಾ. ಅಡ್ಡ ತೂತಿನ ಸುತ್ತ 5 ಮಿಲಿಮೀಟರಾದರೂ ಮರ ಉಳಿಯಬೇಕೆಂಬುದು ನೆನಪಿರಲಿ. ಊದುವ ಕೊಳವೆಗೆ ಪೆನ್ಸಿಲ್ ದಪ್ಪದ ವಾಟೆಯ ತುಂಡು ಸರಿ. ತುದಿಯನ್ನು ಸ್ವಲ್ಪ ಹೆರೆದು ತೂತಿಗೆ ಬಿಗಿಯಾಗಿ ಕೂರಿಸು. ಬಾಯಿಗಿಡುವ ತುದಿಯನ್ನು ನುಣುಪಾಗಿ ಉಜ್ಜು.

ಚೆಂಡಿಗೆ ಥರ್ಮೋಕೋಲ್ ಆದೀತು. ಅದಕ್ಕಿಂತ ಚೆಂದದ್ದು ಬೆಂಡು. ಮದುವೆಯ ಬಾಸಿಂಗದ ಬಿಳಿಯ ಬೆಂಡು ಗೊತ್ತಲ್ಲ, ಅದೇ. ನಮ್ಮ ಜಿಲ್ಲೆಯಲ್ಲೂ ಸಾಗರ, ಸೊರಬಗಳಲ್ಲೂ ಬೆಂಡಿನ ಕೆಲಸಕ್ಕೆ ಹೆಸರಾದ ಗುಡಿಗಾರರೇ ಗಂಧದ ಕೆತ್ತನೆಗೂ ಹೆಸರಾದವರು. ಗಾಳಿಯಷ್ಟು ಹಗುರವಾದ ಬೆಂಡನ್ನೂ ಗಂಧದ ಗಟ್ಟಿ ಚೇಗನ್ನೂ ಒಂದೇ ಮನೆತನದ ಕೈಗಳು ಪಳಗಿಸಿದ್ದು ನನಗೆ ಯಾವಾಗಲೂ ಸೋಜಿಗ. ಎರಡು ಸೆಂಟಿಮೀಟರಿನ ಬೆಂಡಿನ ಚೆಂಡು ಬಟ್ಟಲಿನಲ್ಲಿ ಸರಿಯಾಗಿ ಕೂರುತ್ತದೆ.

ಊದಿದಾಗ ಚೆಂಡು ಏಳುವುದು ಸರಿ, ಬದಿಗೆ ಉರುಳಿ ಬೀಳದೆ ನಿಲ್ಲುವುದೇಕೆ? ಚೆಂಡು ಬಲಕ್ಕೆ ಸರಿದರೆ ಗಾಳಿಯ ಸೆಲೆ ಅದರ ಎಡಮೈಯನ್ನು ಸವರಿಕೊಂಡು, ಅಂಟಿಕೊಂಡಂತೆ ಬಳಸಿ, ಬಲಕ್ಕೆ ಬಾಗಿ ಹೋಗುತ್ತದೆ. ಚೆಂಡು ಗಾಳಿಯನ್ನು ಬಲಕ್ಕೆ ಬಾಗಿಸಿತು. ಹಾಗಾದರೆ ಗಾಳಿ ಚೆಂಡನ್ನು ಎಡಕ್ಕೆ, ಅಂದರೆ ನಡುವಿಗೆ, ತಳ್ಳಲೇಬೇಕು. ಒಂಬತ್ತನೆಯ ತರಗತಿಯ ನ್ಯೂಟನ್ನನ ಮೂರನೆಯ ನಿಯಮ ಇದೇ. ತಾಯೀ, ಆ ಪಾಠ ಪರೀಕ್ಷೆಗೂ ಬರುತ್ತದೆ.

ಕೊನೆಗೆ ಮೆರುಗು. ಉಜ್ಜುಕಾಗದ 80, 120, 220 ಎಂಬ ಕ್ರಮದಲ್ಲಿ, ಎಳೆಯ ಗುಂಟವೇ. ವಾರ್ನಿಷ್ ಬೇಡ. ಗಾಣದ ಅಗಸೆ ಎಣ್ಣೆಯನ್ನು ನಾಲ್ಕು ಹನಿ ಹಾಕಿ ಉಜ್ಜಿ, ದಿನ ಬಿಟ್ಟು ಜೇನುಮೇಣ ತಿಕ್ಕಿದರೆ ಸಾಕು, ಅಡಗಿದ್ದ ಗೆರೆಗಳೆಲ್ಲ ಎದ್ದು ಬರುತ್ತವೆ. ಪೇಂಟಿನ ಅಂಗಡಿಯ ಅಗಸೆ ಎಣ್ಣೆಗೆ ಬೇಗ ಒಣಗಲು ಬೇರೆ ಏನೇನೋ ಸೇರಿಸಿರುತ್ತಾರೆ, ಅದು ಬೇಡ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಅಂಗಳದಲ್ಲಿ ಹರಡಿ ಒಣಗಿಸಬೇಕು.

ಇದರಿಂದ ಮುಂದೇನು ಎಂದು ತಂದೆತಾಯಿಗಳು ಕೇಳುತ್ತಾರೆ. ಏನೂ ಆಗಬೇಕೆಂದಿಲ್ಲ, ರಜೆಯ ಒಂದು ಆಟವಾಗಿಯೇ ಇರಬಹುದು. ಆಸೆ ನಿಂತರೆ ದಾರಿಗಳಿವೆ. ಕಾರ್ಕಳದ ಹತ್ತಿರ ಮಿಯ್ಯಾರಿನಲ್ಲಿರುವ ಸಿ.ಇ. ಕಾಮತ್ ಕುಶಲಕರ್ಮಿ ಸಂಸ್ಥೆಯಲ್ಲಿ ಮರ, ಕಲ್ಲುಗಳ ಕೆತ್ತನೆ ಕಲಿಸುತ್ತಾರೆ. ಹಳಿಯಾಳದಲ್ಲೇ ಕೆನರಾ ಬ್ಯಾಂಕ್ ದೇಶಪಾಂಡೆ ಸ್ವಯಂ ಉದ್ಯೋಗ ತರಬೇತಿ ಸಂಸ್ಥೆಯಿದೆ. ಯಾವಾಗ ಯಾವ ತರಬೇತಿಯೆಂದು ವಿಚಾರಿಸಬಹುದು. ಅದಕ್ಕೂ ಮೊದಲು ಒಂದು ಭಾನುವಾರ ಬಸ್ಸು ಹತ್ತಿ ಮುಂಡಗೋಡಕ್ಕೆ ಕರೆದುಕೊಂಡು ಹೋಗಿ. 1966ರಿಂದ ಅಲ್ಲಿ ನೆಲೆನಿಂತ ಟಿಬೆಟಿನವರ ಮಠಗಳಲ್ಲಿ ಪೀಠ, ಕಂಬಗಳ ಮೇಲಿನ ಬಳ್ಳಿ, ಮೋಡ, ಹೂವುಗಳನ್ನು ಹತ್ತಿರ ನಿಂತು ನೋಡಲಿ. ಅವರ ನಾಡಿನಲ್ಲಿ ಗ್ರಂಥಗಳೂ ಮರದ ಕೆತ್ತನೆಯೇ. ಹಲಗೆಯ ಮೇಲೆ ಅಕ್ಷರಗಳನ್ನು ತಿರುವುಮುರುವಾಗಿ ಕೆತ್ತಿ ಶಾಯಿ ಬಳಿದು ಒತ್ತುತ್ತಿದ್ದರು. 1729ರಲ್ಲಿ ಆರಂಭವಾದ ದೆರ್ಗೆ ಎಂಬಲ್ಲಿನ ಮುದ್ರಣಾಲಯದಲ್ಲಿ ಲಕ್ಷಗಟ್ಟಲೆ ಅಂಥ ಹಲಗೆಗಳಿವೆ. ಅಷ್ಟು ದೂರ ಬೇಡವೆಂದರೆ ಹಳಿಯಾಳದ ಸುತ್ತಲ ಸಿದ್ದಿ ಜನರ ಹಳ್ಳಿಗಳಲ್ಲಿ ಮರ ತೋಡಿ ಚರ್ಮ ಬಿಗಿದ ಡಮಾಮಿಯನ್ನು ಕಾಣಬಹುದು. ಬಾರಿಸುವುದನ್ನು ಎಲ್ಲರೂ ನೋಡುತ್ತಾರೆ. ನೀನು ಅದರ ಒಳಗೋಡೆಯ ಮೇಲೆ ಉಳಿಯ ಗುರುತುಗಳೇನಾದರೂ ಉಳಿದಿವೆಯೇ ಎಂದು ಕೇಳಿ ನೋಡು.

ತಮ್ಮಾ, ಸೀಳಿದ ಮೊದಲ ತುಂಡನ್ನು ಒಲೆಗೆ ಹಾಕಿಲ್ಲವಷ್ಟೆ? ಅದರ ಬಿರುಕು ತಿರುಳಿನಿಂದಲೇ ಹೊರಟಿದೆಯೇ ನೋಡಿ ಬರೆ. ಹಿತ್ತಿಲಲ್ಲಿ ಉಳಿದ ಪೇರಲವನ್ನು ಈ ಭಾನುವಾರವೇ ಸೀಳಿ, ತುದಿಗೆ ಮೇಣ ಬಳಿದು, ತೂಕದ ಮೊದಲ ಅಂಕಿ ಬರೆದಿಡು. ಮುಂದೆ ಪೈಪು ಮುಗಿದ ದಿನ ಚೆಂಡು ಎಷ್ಟು ಎಣಿಕೆಯವರೆಗೆ ನಿಂತಿತೆಂದೂ ತಿಳಿಸು. ಎಣಿಸುವ ಕೆಲಸ ಅಮ್ಮನದಿರಲಿ, ಅಂಕಿಯನ್ನು ಅವರ ಕೈಬರಹದಲ್ಲೇ ಕಳಿಸು.